ನೌಪಾಡಾದ ಹೆಸರಿಲ್ಲದ ಗುಲಾಬಿ

ಬಳ್ಳಿ ಗುಲಾಬಿ ಎಂಬ ಹೆಸರೇ ಒಂದು ಅರ್ಧಸತ್ಯ. ಅವರೆಯಂತೆ ಸುತ್ತಿಕೊಳ್ಳುವ ಕಾಂಡವಾಗಲಿ, ಹಾಗಲದಂತೆ ಆಸರೆಯನ್ನು ಹಿಡಿದುಕೊಳ್ಳುವ ಕುಡಿಯಾಗಲಿ, ವೀಳ್ಯದೆಲೆಯಂತೆ ಮರಕ್ಕೆ ಅಂಟುವ ಬೇರಾಗಲಿ ಗುಲಾಬಿಗೆ ಇಲ್ಲ. ಅದಕ್ಕಿರುವುದು ಉದ್ದನೆಯ ಕಡ್ಡಿ ಮತ್ತು ಕೆಳಮುಖವಾಗಿ ಬಾಗಿದ ಮುಳ್ಳು. ಆ ಮುಳ್ಳನ್ನು ಪಕ್ಕದ ಗಿಡಕ್ಕೋ ಬೇಲಿಗೋ ಸಿಕ್ಕಿಸಿಕೊಂಡು ಒರಗಿ ನಿಲ್ಲುತ್ತದೆ, ಅಷ್ಟೆ. ಗೋಡೆಯ ಮೇಲೆ ಹಬ್ಬಿದ ಗುಲಾಬಿಯನ್ನು ಕಂಡಾಗಲೆಲ್ಲ ಅದನ್ನು ವರ್ಷವರ್ಷವೂ ದಾರ ಹಾಕಿ ಕಟ್ಟಿದ ಕೈಯೊಂದು ಅಲ್ಲಿ ಇತ್ತೆಂದೇ ತಿಳಿಯಬೇಕು. ಹಾಗಾಗಿ ‘ಬಳ್ಳಿ’ ಎನ್ನುವ ಮಾತಿನಿಂದ ಗಿಡದ ಜಾತಿ ಗೊತ್ತಾಗುವುದಿಲ್ಲ.

ಇದರ ಮೇಲೆ ಇನ್ನೊಂದು ತೊಡಕಿದೆ. ಹಬ್ಬುವ ಗುಣ ಗುಲಾಬಿಗೆ ಒಂದೇ ದಾರಿಯಿಂದ ಬಂದದ್ದಲ್ಲ. ಚೀನಾ, ಜಪಾನ್‌ಗಳ ಮಲ್ಟಿಫ್ಲೋರಾ, ವಿಚುರಾನಾಗಳಿಂದ ಗೊಂಚಲು ಹೂವಿನ ಒಂದು ಸಂತತಿ ಬಂತು. ನಮ್ಮದೇ ಮಣಿಪುರದ ಬೆಟ್ಟಗಳಲ್ಲಿ ಜಾರ್ಜ್ ವಾಟ್ 1882ರಲ್ಲಿ ಕಂಡ ಗೈಗಾಂಟಿಯಾ ಎಂಬ ದೈತ್ಯ ಗುಲಾಬಿ ಮರಗಳ ನೆತ್ತಿಯವರೆಗೂ ಏರಬಲ್ಲದು. ಇವೆರಡೂ ಅಲ್ಲದೆ ಪೊದೆ ಗುಲಾಬಿಯ ಒಂದು ರೆಂಬೆ ಇದ್ದಕ್ಕಿದ್ದಂತೆ ತನ್ನ ಸ್ವಭಾವ ಬದಲಿಸಿ ಉದ್ದುದ್ದ ಬೆಳೆಯತೊಡಗುವುದೂ ಉಂಟು. 1958ರಲ್ಲಿ ಬಂದ ‘ಐಸ್‌ಬರ್ಗ್’ ಎಂಬ ಬಿಳಿಯ ಪೊದೆಗೆ ಹತ್ತು ವರ್ಷ ಕಳೆದ ಮೇಲೆ ‘ಕ್ಲೈಂಬಿಂಗ್ ಐಸ್‌ಬರ್ಗ್’ ಎಂಬ ಜೊತೆಗಾರ ಹುಟ್ಟಿದ್ದು ಹೀಗೆಯೇ. ಹೂ ಅದೇ, ಮೈಕಟ್ಟು ಬೇರೆ. ಬರಿಯ ಹೂ ನೋಡಿ ಹೆಸರು ಹೇಳಿಬಿಡುವವರ ಬಗ್ಗೆ ನನಗೆ ಮೊದಲಿನಿಂದಲೂ ಸ್ವಲ್ಪ ಅಪನಂಬಿಕೆ.

ಇಷ್ಟೆಲ್ಲ ಯೋಚಿಸುವಂತೆ ಮಾಡಿದ್ದು ನೌಪಾಡಾದ ಒಂದು ಹಳೆಯ ಕಟ್ಟಡ. ಗೋಖಲೆ ರಸ್ತೆಯ ಗದ್ದಲದಿಂದ ಎರಡು ತಿರುವು ಒಳಗೆ, ಮೂರು ಮಹಡಿಯ, ಪಾಚಿ ಹಿಡಿದ ಸೊಸೈಟಿ. ನೌಪಾಡಾದಲ್ಲಿ ಇಂತಹ ಕಟ್ಟಡಗಳಿಗೆಲ್ಲ ಈಗ ಒಂದೇ ಭವಿಷ್ಯ: ರಿಡೆವಲಪ್‌ಮೆಂಟ್. ನಮ್ಮದಕ್ಕೂ ಸಹಿಗಳಾದವು, ಮಾರ್ಚ್ ಕೊನೆಗೆ ಮನೆ ಬಿಡಬೇಕೆಂದು ಗೊತ್ತಾಯಿತು. ಆವರಣದ ಮರಗಳನ್ನು ಎಣಿಸಿ, ಕಾಂಡಗಳಿಗೆ ಸಂಖ್ಯೆ ಬರೆದು ಹೋದರು. ನೆಲಮಹಡಿಯ ಕಿಟಕಿಯ ಜಾಲರಿಗೆ ಹೆಣೆದುಕೊಂಡಿದ್ದ ಗುಲಾಬಿ ಮರವಲ್ಲವಾದ್ದರಿಂದ ಲೆಕ್ಕಕ್ಕೆ ಬರಲಿಲ್ಲ.

ಆ ಕಿಟಕಿ ಧಾರವಾಡದ ಕಡೆಯ ಕಾಕು ಅವರದು. ಕರಾವಳಿಯಿಂದ ಬಂದ ನನಗೂ ಅವರು ಕಾಕುವೇ. 1978ರಲ್ಲಿ ಮದುವೆಯಾಗಿ ಈ ಮನೆಗೆ ಬಂದವರು. ಗಿಡ ಅವರ ಅತ್ತೆ ನೆಟ್ಟದ್ದು. ಒಂದು ದಿನ ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿ ಕಾಕು ಹೇಳಿದರು: “ಬಿಲ್ಡರ್ ಹೊಸಾ ಮನಿ ಕೊಡ್ತಾನ, ಖರೆ. ಇದನ್ನೆಲ್ಲಿಂದ ಕೊಡ್ತಾನ? ನಿಮಗ ಗಿಡಾ ತಿಳೀತಾವಲ್ಲ, ಇದರ ಹೆಸರೊಂದ ಹುಡುಕಿ ಕೊಡ್ರಿ. ಹೆಸರ ಗೊತ್ತಿದ್ರ ಎಲ್ಲಾದ್ರೂ ಕೇಳಿ ತರಬಹುದು.”

ಅಕ್ಟೋಬರ್ ಮುಗಿಯುತ್ತಿತ್ತು. ಮಳೆಗಾಲದಲ್ಲಿ ಕಪ್ಪು ಚುಕ್ಕೆ ಬಿದ್ದು ಎಲೆ ಉದುರಿಸಿಕೊಂಡಿದ್ದ ಗಿಡ ಮತ್ತೆ ಚಿಗುರುತ್ತಿತ್ತು. ಗುಲಾಬಿಯನ್ನು ಗುರುತಿಸಲು ಹೊರಟವರಿಗೆ ಇದು ಒಳ್ಳೆಯ ಕಾಲ, ಏಕೆಂದರೆ ಎಳೆಯ ಎಲೆಯಲ್ಲಿ ಲಕ್ಷಣಗಳು ಸ್ಪಷ್ಟವಾಗಿರುತ್ತವೆ. ಎಲೆಯ ತೊಟ್ಟು ಕಡ್ಡಿಗೆ ಸೇರುವಲ್ಲಿ ಎರಡೂ ಬದಿಗೆ ಸಣ್ಣ ಹಸಿರು ಪಟ್ಟಿಯೊಂದು ಅಂಟಿಕೊಂಡಿರುತ್ತದೆ. ಹೂವಿಗಿಂತ ಹೆಚ್ಚು ನಿಜ ಹೇಳುವುದು ಇದೇ ಎಂದು ನನ್ನ ಅನುಭವ. ಮಲ್ಟಿಫ್ಲೋರಾ ವಂಶದ್ದಾದರೆ ಆ ಪಟ್ಟಿಯ ಅಂಚು ಸೀರೆಯ ಸೆರಗಿನ ಕುಚ್ಚಿನಂತೆ ಎಳೆಎಳೆಯಾಗಿ ಸೀಳಿರುತ್ತದೆ. ಬ್ಯಾಂಕ್ಸಿಯಾ ಎಂಬ ಮುಳ್ಳಿಲ್ಲದ ಬಳ್ಳಿಯದಾದರೆ ಅದು ತೊಟ್ಟಿಗೆ ಅಂಟದೆ ಬೇಗ ಉದುರಿಹೋಗುತ್ತದೆ. ಕಾಕು ಅವರ ಗಿಡದಲ್ಲಿ ಪಟ್ಟಿ ಉದುರಿರಲಿಲ್ಲ, ಕುಚ್ಚೂ ಇರಲಿಲ್ಲ. ಎರಡು ದೊಡ್ಡ ಮನೆತನಗಳನ್ನು ಅಲ್ಲಿಗೇ ಪಟ್ಟಿಯಿಂದ ಹೊಡೆದುಹಾಕಬಹುದಾಗಿತ್ತು.

ನವೆಂಬರ್ ಕೊನೆಗೆ ಹೂ ಬಂತು. ಕಡುಗುಲಾಬಿ ಬಣ್ಣ, ಬಟ್ಟಲಿನ ಆಕಾರ, ತುಂಬ ಎಸಳು, ಮೂರು ನಾಲ್ಕರ ಗೊಂಚಲು. ಪರಿಮಳವಂತೂ ನಮ್ಮ ಮಹಡಿಯವರೆಗೆ ಏರಿ ಬರುವಂಥದು. ಜನವರಿಯಲ್ಲಿ ಮತ್ತೊಮ್ಮೆ ಬಂತು. ವರ್ಷಕ್ಕೊಂದೇ ಸಲ ಅರಳುವ ಜಾತಿಗಳೂ ಇದರಿಂದ ಬಿಟ್ಟುಹೋದವು.

ಈ ನಡುವೆ ಗಿಡದ ವ್ಯಾಪಾರಿಯೊಬ್ಬ ಬಂದು ನೋಡಿ, ಕೆಲವು ಎಲೆಗಳಲ್ಲಿ ಏಳೇಳು ಎಸಳಿರುವುದನ್ನು ತೋರಿಸಿ, “ಜಂಗ್ಲಿ ಆಹೆ, ಕಾಪೂನ್ ಟಾಕಾ” ಎಂದ. ಐದೆಲೆಯದು ಒಳ್ಳೆಯ ಗುಲಾಬಿ, ಏಳೆಲೆಯದು ಕಾಡು ಎಂಬ ಈ ಸೂತ್ರ ದೇಶದ ತುಂಬ ಹಬ್ಬಿದೆ. ಎಷ್ಟು ಒಳ್ಳೆಯ ಗಿಡಗಳು ಇದಕ್ಕೆ ಬಲಿಯಾಗಿವೆಯೋ! ಹೆಸರಾಂತ ಬಳ್ಳಿ ಗುಲಾಬಿಗಳಲ್ಲಿ ಏಳೆಲೆಯವು ಬೇಕಾದಷ್ಟಿವೆ. ಒಂದೇ ಕಡ್ಡಿಯಲ್ಲಿ ಐದೂ ಏಳೂ ಇರುವುದುಂಟು. ಆದರೆ ಅವನ ಮಾತಿನ ಹಿಂದಿದ್ದ ಅನುಮಾನವನ್ನು ತಳ್ಳಿಹಾಕುವಂತಿರಲಿಲ್ಲ. ನರ್ಸರಿಯ ಗುಲಾಬಿ ಸಾಮಾನ್ಯವಾಗಿ ಎರಡು ಗಿಡಗಳ ಜೋಡಣೆ. ಗಟ್ಟಿಮುಟ್ಟಾದ ಒಂದು ಗುಲಾಬಿಯ ಬುಡಕ್ಕೆ ಬೇಕಾದ ಜಾತಿಯ ಕಣ್ಣನ್ನು ಕಸಿ ಹಾಕಿರುತ್ತಾರೆ. ಮೇಲಿನದು ಸತ್ತರೂ ಬುಡ ಸಾಯುವುದಿಲ್ಲ. ಅದು ತನ್ನದೇ ಚಿಗುರು ಕಳಿಸಿ ತನ್ನದೇ ಹೂ ಬಿಡುತ್ತದೆ.

ಕಾಕು ಅವರನ್ನು ಕೇಳಿದೆ: ಈ ಗಿಡ ಯಾವಾಗಲಾದರೂ ಬೇರೆ ಬಣ್ಣದ ಹೂ ಬಿಟ್ಟಿತ್ತೇ? ಅವರು ನಕ್ಕರು. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಕಥೆಯಂತೆ. ಅತ್ತೆ ತಂದಾಗ ಅದು ಕಪ್ಪುಗೆಂಪು ಗುಲಾಬಿ. ಎರಡು ಮೂರು ವರ್ಷ ಹಾಗೆಯೇ ಬಿಟ್ಟು ಆಮೇಲೆ ಗುಲಾಬಿ ಬಣ್ಣಕ್ಕೆ ತಿರುಗಿತು. “ಠಾಣೆ ನೀರು ಬಣ್ಣಾ ತೊಳದಬಿಡ್ತು ಅಂತಿದ್ರು ನಮ್ಮತ್ತಿ.”

ಬುಡದ ಮಣ್ಣು ಸರಿಸಿ ನೋಡಿದೆವು. ನೆಲದ ಮಟ್ಟದಲ್ಲಿ ಮುಷ್ಟಿಯಂಥ ಗಂಟು, ಅದರ ಒಂದು ಬದಿಗೆ ಒಣಗಿ ಕಪ್ಪಾದ ಮೋಟು. ಜೀವಂತ ಕಡ್ಡಿಗಳೆಲ್ಲ ಗಂಟಿನ ಕೆಳಗಿನಿಂದಲೇ ಹೊರಟಿದ್ದವು. ಅತ್ತೆಯವರ ಕಪ್ಪುಗೆಂಪು ಗುಲಾಬಿ ಕಾಕು ಮದುವೆಯಾಗಿ ಬರುವ ಮೊದಲೇ ತೀರಿಹೋಗಿತ್ತು.

ನಮ್ಮ ದೇಶದಲ್ಲಿ ಕಸಿಯ ಬುಡಕ್ಕೆ ಬಳಸುತ್ತ ಬಂದ ಕೆಲವೇ ಗುಲಾಬಿಗಳಲ್ಲಿ ಇಂತಹ ಬಣ್ಣ, ಇಂತಹ ಪರಿಮಳ, ವರ್ಷದಲ್ಲಿ ಹಲವು ಸಲ ಹೂ ಬಿಡುವ ಉದಾರತೆ ಇರುವುದು ಎಡ್ವರ್ಡ್ ಗುಲಾಬಿಗೆ. ಅದರ ಕಥೆ ಆ ಹೆಸರಿಗಿಂತ ಸ್ವಾರಸ್ಯಕರ. ಎಡ್ವರ್ಡ್ ಇಂಗ್ಲಿಷಿನ ದೊರೆಯಲ್ಲ. ಫ್ರೆಂಚರ ‘ರೋಜ್ ಎದುವಾರ್’ ನಮ್ಮ ಬಾಯಿಗೆ ಬಂದು ಹೀಗಾಯಿತು. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪಕ್ಕೆ ಆಗ ಬೂರ್ಬೋಂ ಎಂಬ ಹೆಸರಿತ್ತು. ಅಲ್ಲಿಯ ಜನ ಹೊಲಗಳಿಗೆ ಗುಲಾಬಿಯ ಬೇಲಿ ಹಾಕುತ್ತಿದ್ದರು. ಒಂದು ಸಾಲು ಚೀನಾದ ಗುಲಾಬಿ, ಇನ್ನೊಂದು ಪನ್ನೀರು ತೆಗೆಯುವ ಡಮಾಸ್ಕ್ ಜಾತಿಯದು. ಎರಡರ ನಡುವೆ ತಾನಾಗಿ ಹುಟ್ಟಿದ ಸಸಿಯೇ ಈ ಗುಲಾಬಿ. 1817ರ ಸುಮಾರಿಗೆ ದ್ವೀಪಕ್ಕೆ ಬಂದ ಬ್ರೆಯೋಂ ಎಂಬ ಸಸ್ಯಶಾಸ್ತ್ರಜ್ಞ ಅದನ್ನು ಗಮನಿಸಿದ. 1819ರಲ್ಲಿ ಅದರ ಬೀಜಗಳು ಪ್ಯಾರಿಸಿನ ಬಳಿ, ಓರ್ಲೆಆಂ ಡ್ಯೂಕನ ತೋಟದ ಮಾಲಿ ಜಾಕ್‌ನ ಕೈಸೇರಿ, ಬೂರ್ಬೋಂ ಗುಲಾಬಿಗಳೆಂಬ ಒಂದು ವರ್ಗವೇ ಹುಟ್ಟಿತು. ಯುರೋಪಿನಲ್ಲಿ ಅದರ ಮಕ್ಕಳು ಮೊಮ್ಮಕ್ಕಳು ಬಹುಮಾನ ಗೆದ್ದವು. ಭಾರತದಲ್ಲಿ ಅದು ಬಿಸಿಲು ತಡೆದು ದೇವರ ಹೂವಾಯಿತು, ಬೇರೆ ಗುಲಾಬಿಗಳಿಗೆ ಕಾಲಾಯಿತು. ಹುಟ್ಟಿನಿಂದ ಅದು ಬಳ್ಳಿಯೇ ಅಲ್ಲ, ಬೇಲಿಯ ಗಿಡ. ನೌಪಾಡಾದ ಜಾಲರಿಗೆ ಅದನ್ನು ಎತ್ತಿ ಕಟ್ಟಿ ಬಳ್ಳಿ ಮಾಡಿದ್ದು ಅತ್ತೆ ಸೊಸೆಯರ ದಾರ.

ಇದನ್ನು ಕಾಕು ಅವರಿಗೆ ಹೇಳುವುದೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಅತ್ತೆಯ ನೆನಪೆಂದು ನಾಲ್ಕು ದಶಕಕ್ಕೂ ಮೀರಿ ನೀರೆರೆದದ್ದು ಅತ್ತೆ ಆರಿಸಿ ತಂದ ಹೂವಿಗಲ್ಲ ಎಂದು ಹೇಗೆ ಹೇಳುವುದು? ಆದರೆ ಕೇಳಿದ್ದು ಅವರೇ. ಗಂಟನ್ನು ಅವರೂ ಕಂಡಿದ್ದರು. ಹೇಳಿದೆ. ಕಾಕು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕರೀದು ನಾ ನೋಡೇ ಇಲ್ಲ ಬಿಡ್ರಿ. ಬಂದಾಗಿಂದ ಮುಡದದ್ದು ಇದನ್ನ. ಇದ ಬೇಕು” ಎಂದರು.

ಎಡ್ವರ್ಡ್ ಎಂದೇ ನನ್ನ ತೀರ್ಮಾನ. ಪ್ರಮಾಣ ಮಾಡಿ ಹೇಳು ಎಂದರೆ ಹಿಂಜರಿಯುತ್ತೇನೆ. ಹಳೆಯ ಗುಲಾಬಿ ಹುಡುಕುವವರು ಇದಕ್ಕೆ ಪ್ರಾಮಾಣಿಕವಾದ ಪದ್ಧತಿಯೊಂದನ್ನು ಇಟ್ಟುಕೊಂಡಿದ್ದಾರೆ. ಖಚಿತ ಹೆಸರಿಗೆ ಒಂಟಿ ಉದ್ಧರಣ ಚಿಹ್ನೆ. ಗುರುತು ಸಿಗದ ಗಿಡಕ್ಕೆ ಸಿಕ್ಕ ಊರಿನದೋ ಸಾಕಿದವರದೋ ಹೆಸರಿಟ್ಟು ಜೋಡಿ ಚಿಹ್ನೆ. ಬರ್ಮುಡಾ ದ್ವೀಪದಲ್ಲಿ ಇಂತಹ ‘ನಿಗೂಢ ಗುಲಾಬಿ’ಗಳ ಒಂದು ಪಂಗಡವೇ ಇದೆ. ಅಮೆರಿಕದ ಲೂಯಿಸಿಯಾನಾದಲ್ಲಿ ಪೆಗಿ ಮಾರ್ಟಿನ್ ಎಂಬುವರ ಹಿತ್ತಿಲಿನಲ್ಲಿ ಹೆಸರು ಗೊತ್ತಿಲ್ಲದ ಒಂದು ಬಳ್ಳಿ ಗುಲಾಬಿಯಿತ್ತು. 2005ರ ಆಗಸ್ಟ್‌ನಲ್ಲಿ, ಎಂದರೆ ನಮ್ಮ ಜುಲೈ 26ರ ಜಲಪ್ರಳಯ ಕಳೆದು ಒಂದು ತಿಂಗಳಿಗೆ, ಕತ್ರೀನಾ ಚಂಡಮಾರುತದಲ್ಲಿ ಆಕೆ ತಂದೆತಾಯಿಯನ್ನು ಕಳೆದುಕೊಂಡರು. ತೋಟ ಎರಡು ವಾರ ಉಪ್ಪುನೀರಿನಲ್ಲಿ ಮುಳುಗಿತ್ತು. ನೀರಿಳಿದಾಗ ಆ ಬಳ್ಳಿ ಚಿಗುರಿತ್ತು. ಅದಕ್ಕೆ ಮುಂಚೆಯೇ ಅದರ ಕಡ್ಡಿ ಕೊಂಡೊಯ್ದಿದ್ದ ಟೆಕ್ಸಾಸಿನ ತೋಟಗಾರಿಕಾ ತಜ್ಞ ವಿಲಿಯಂ ವೆಲ್ಚ್ ಅದಕ್ಕೆ ಆಕೆಯ ಹೆಸರನ್ನೇ ಇಟ್ಟರು. ಈಗ ಅದು ಆ ಹೆಸರಿನಲ್ಲೇ ಮಾರಾಟವಾಗುತ್ತದೆ.

ಜನವರಿಯ ಹೂ ಮುಗಿದ ಮೇಲೆ ಪೆನ್ಸಿಲ್ ದಪ್ಪದ ಹನ್ನೆರಡು ಕಡ್ಡಿ ಕತ್ತರಿಸಿದೆವು. ಪ್ರತಿಯೊಂದೂ ಗೇಣುದ್ದ, ಕೆಳತುದಿ ಗೆಣ್ಣಿನ ಸ್ವಲ್ಪ ಕೆಳಗೆ, ಅರ್ಧ ಮಣ್ಣಿನೊಳಗೆ. ಎಡ್ವರ್ಡ್ ಕಡ್ಡಿಯಿಂದ ಸುಲಭವಾಗಿ ಬೇರು ಬಿಡುತ್ತದೆ. ನರ್ಸರಿಗಳು ಅದನ್ನು ಬುಡಕ್ಕೆ ಆರಿಸಿಕೊಂಡದ್ದಕ್ಕೆ ಅದೂ ಒಂದು ಕಾರಣ. ಏಳು ಚಿಗುರಿದವು. ಎರಡು ನನ್ನಲ್ಲಿವೆ, ಒಂದು ಕಲ್ಯಾಣಕ್ಕೆ ಕಾಕು ಅವರ ಮಗಳ ಮನೆಗೆ ಹೋಯಿತು. ಉಳಿದ ನಾಲ್ಕು ಡೊಂಬಿವಲಿಯಲ್ಲಿ, ಕಾಕು ಸದ್ಯಕ್ಕೆ ಬಾಡಿಗೆಗಿರುವ ಮನೆಯ ಬಾಲ್ಕನಿಯಲ್ಲಿವೆ. ಕುಂಡಗಳಿಗೆ ನಾನು “ನೌಪಾಡಾ” ಎಂದು ಜೋಡಿ ಚಿಹ್ನೆಯೊಳಗೆ ಬರೆದ ಚೀಟಿ ಸಿಕ್ಕಿಸಿದ್ದೇನೆ. ಹೊಸ ಕಟ್ಟಡದ ನಕ್ಷೆ ತೋರಿಸಲು ಎಲ್ಲರನ್ನೂ ಕರೆದ ದಿನ ಉಳಿದವರು ಚದರಡಿಯ ಲೆಕ್ಕ ಕೇಳುತ್ತಿದ್ದರು. ಕಾಕು ಕನ್ನಡಕ ಏರಿಸಿ ನಕ್ಷೆಯ ಮೇಲೆ ಬೆರಳಿಟ್ಟು, ಮುಂಜಾನೆಯ ಬಿಸಿಲು ಯಾವ ಕಿಟಕಿಗೆ ಬೀಳುತ್ತದೆ ಎಂದು ಮರಾಠಿಯಲ್ಲಿ ವಿಚಾರಿಸಿದರು.