ಅಪ್ಪನ ಲ್ಯಾಪ್‌ಟಾಪ್ ಅಷ್ಟೇನೂ ಹಳೇದಾಗಿರಲಿಲ್ಲ

"ಯಕ್ಷಗಾನ ನೋಡೋದೇ ಬಿಟ್ಟೆ ಪುಟ್ಟಿ. ಚೆಂಡೆಗಿಂತ ಫ್ಯಾನ್ ಸದ್ದೇ ಜೋರು" ಅಂತ ಅಪ್ಪ ಫೋನಿನಲ್ಲಿ ನಕ್ಕರು.

ಅದು ನಾನು ಇಂಜಿನಿಯರಿಂಗ್ ಓದುವಾಗ, 2014ರಲ್ಲಿ ಕೊಂಡ ಲ್ಯಾಪ್‌ಟಾಪ್. ಹೊಸದು ಬಂದ ಮೇಲೆ ಉಬುಂಟು ಹಾಕಿ ಸಾಗರದ ಮನೆಯಲ್ಲಿ ಬಿಟ್ಟು ಬಂದಿದ್ದೆ. ಬಿಸಿಯಾಗುತ್ತೆ, ವಿಡಿಯೊ ತಡವರಿಸುತ್ತೆ ಅಂತ ಅಪ್ಪ ಹೇಳಿದಾಗಲೆಲ್ಲ "ಹಳೇದಲ್ವಾಪ್ಪಾ" ಅಂದು ಮುಗಿಸ್ತಿದ್ದೆ. ಆಫೀಸಿನಲ್ಲಿ ದಿನವಿಡೀ ಬಗ್ ಹುಡುಕೋಳು ನಾನು. ಇದನ್ನು ಒಮ್ಮೆಯೂ ನೋಡಿರಲಿಲ್ಲ.

ದೀಪಾವಳಿಗೆ ಹೋದಾಗ ಪಕ್ಕದಲ್ಲಿ ಕೂತೆ. ಯಕ್ಷಗಾನದ ವಿಡಿಯೊ ಹಾಕಿದ ಕೂಡಲೇ ಸಿಪಿಯು ಮೀಟರಿನ ನಾಲ್ಕೂ ಗೆರೆ ಮೇಲೇರಿದವು. ವಿಡಿಯೊ ಡಿಕೋಡ್ ಮಾಡಲೆಂದೇ ಗ್ರಾಫಿಕ್ಸ್ ಚಿಪ್‌ನಲ್ಲಿ ಪ್ರತ್ಯೇಕ ಭಾಗ ಇರುತ್ತೆ. ಅದು ಸುಮ್ಮನಿತ್ತು, ಸಿಪಿಯು ಒಂದೇ ದುಡೀತಿತ್ತು.

ಟರ್ಮಿನಲ್‌ನಲ್ಲಿ 'ವಿಎಇನ್ಫೋ' ಕಮಾಂಡ್ ಕೊಟ್ಟೆ. ಎರರ್! ಬೇಕಾದ ಡ್ರೈವರನ್ನೇ ನಾನು ಹಾಕಿಕೊಟ್ಟಿರಲಿಲ್ಲ. ಹಳೇ ಇಂಟೆಲ್ ಚಿಪ್‌ಗಳ ಐ965 ಡ್ರೈವರ್ ಹಾಕಿದ ಮೇಲೆ ಪಟ್ಟಿ ಬಂತು: ಎಂಪೆಗ್-2 ಇದೆ, ಎಚ್.264 ಇದೆ, ವಿಪಿ9 ಇಲ್ಲ. ನಾಲ್ಕನೇ ತಲೆಮಾರಿನ ಈ ಚಿಪ್‌ಗೆ ಅದು ಬರಲ್ಲ. ಏಳನೆಯದರಿಂದ ವಿಪಿ9, ಹನ್ನೊಂದನೆಯದರಿಂದ ಎವಿ1 ಬರುತ್ತೆ.

ಯೂಟ್ಯೂಬ್ ವಿಡಿಯೊ ಮೇಲೆ ರೈಟ್ ಕ್ಲಿಕ್ ಮಾಡಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ನೋಡಿದೆ. ಬರ್ತಿದ್ದದ್ದು ವಿಪಿ9! ಫೈರ್‌ಫಾಕ್ಸ್‌ಗೆ 'ಎಚ್264ಇಫೈ' ಎಕ್ಸ್‌ಟೆನ್ಷನ್ ಸೇರಿಸಿ, ಹಾರ್ಡ್‌ವೇರ್ ಡಿಕೋಡಿಂಗ್ ಆನ್ ಮಾಡಿದೆ. 'ಇಂಟೆಲ್ ಜಿಪಿಯು ಟಾಪ್' ತೆರೆದರೆ, ಸೊನ್ನೆಯಲ್ಲಿದ್ದ ವಿಡಿಯೊ ಸಾಲು ಮೆಲ್ಲಗೆ ಎದ್ದಿತ್ತು. ಎರಡು ನಿಮಿಷದಲ್ಲಿ ಫ್ಯಾನ್ ತಣ್ಣಗಾಯ್ತು.

"ಏನು ರಿಪೇರಿ ಮಾಡ್ದೆ?"

"ರಿಪೇರಿ ಏನಿಲ್ಲಪ್ಪಾ. ಅದಕ್ಕೆ ಬರೋ ಭಾಷೇಲಿ ವಿಡಿಯೊ ಕೊಟ್ಟೆ ಅಷ್ಟೆ."

ಅಪ್ಪ ಕೈ ಚಾಚಿ ವಾಲ್ಯೂಮ್ ಇಳಿಸಿದರು. ಫ್ಯಾನ್ ಸದ್ದಿನ ಮೇಲೆ ಭಾಗವತರ ಪದ ಕೇಳಲಿ ಅಂತ ಅಷ್ಟು ದಿನ ಅದನ್ನು ಪೂರ್ತಿ ಏರಿಸಿಟ್ಟಿದ್ದರಂತೆ.

ಮುಕ್ಕಾಲು ಗಂಟೆ ಕೆಲಸ. ಇದನ್ನ ಹೋದ ವರ್ಷವೇ ಮಾಡಬಹುದಿತ್ತಲ್ಲ ಅಂತ ಅಪ್ಪ ಕೇಳಲಿಲ್ಲ. ಕೇಳಿದ್ದರೇ ಚೆನ್ನಾಗಿತ್ತು.

ಊರಿನ ಮನೆಗೆ ನೀವೂ ಹಳೇ ಲ್ಯಾಪ್‌ಟಾಪ್ ಕೊಟ್ಟಿದ್ದರೆ, "ಹಳೇದಲ್ವಾ" ಅನ್ನೋ ಮುಂಚೆ ಒಂದ್ಸಲ ಪಕ್ಕದಲ್ಲಿ ಕೂತು ನೋಡಿ.