ನಕ್ಷೆಯೋ, ಜಿಪಿಎಸ್ಸೋ?

ಬೆಟ್ಟದಲ್ಲಿ ಸೈಕಲ್ ಹೊಡೆಯೋರನ್ನ ಕೇಳಿ ನೋಡಿ, "ಜಿಪಿಎಸ್ ಇರುವಾಗ ಕಾಗದದ ನಕ್ಷೆ ಯಾಕೆ ಮಾರಾಯ್ರೆ?" ಅಂತಾರೆ. ನಿಜ, 2000ದ ಮೇ ತಿಂಗಳಲ್ಲಿ ಅಮೆರಿಕ ಬೇಕಂತಲೇ ಬೆರೆಸುತ್ತಿದ್ದ ದೋಷ ನಿಲ್ಲಿಸಿದ ಮೇಲೆ ನಾವೆಲ್ಲಿದ್ದೀವಿ ಅನ್ನೋದು ಕೆಲವೇ ಮೀಟರುಗಳ ಲೆಕ್ಕಕ್ಕೆ ಬಂತು. ಆದ್ರೆ ಮುಂದೇನಿದೆ ಅನ್ನೋದು ಬೇರೆ ಮಾತು.

ಸರ್ವೆ ಆಫ್ ಇಂಡಿಯಾದ 1:50,000 ಹಾಳೆಯಲ್ಲಿ 2 ಸೆಂಟಿಮೀಟರ್ ಅಂದ್ರೆ 1 ಕಿಲೋಮೀಟರ್. ಗೆರೆಯಿಂದ ಗೆರೆಗೆ 20 ಮೀಟರ್ ಎತ್ತರ. ಕಿಲೋಮೀಟರಿಗೆ ಐದು ಗೆರೆ ದಾಟಿದರೆ ಹೇಗೋ ತುಳಿಯಬಹುದು. ಹತ್ತು ದಾಟಿದರೆ, ಇಳಿದು ತಳ್ಳೋದೇ!

ಚಿಕ್ಕಮಗಳೂರಿನ ಕಡೆ ಒಂದು ಸಂಜೆ ಕಾಫಿತೋಟದ ಅಂಚಲ್ಲಿ ದಾರಿ ಕವಲಾಯ್ತು. ಗೆಳೆಯನ ಬಾಟಲಿ ಖಾಲಿ, ಬೆಳಕು ಇನ್ನೊಂದೇ ಗಂಟೆ. ಫೋನು ಎಡಕ್ಕೆ ಹತ್ತಿರ ಅಂತು. ಹಾಳೆಯಲ್ಲಿ ಎಡಕ್ಕೆ ಗೆರೆಗಳು ಒತ್ತೊತ್ತಾಗಿ, ನಡುವೆ ಹಳ್ಳ. ಬಲದ ದಾರಿ ಎರಡು ಕಿಲೋಮೀಟರ್ ಹೆಚ್ಚು, ಆದ್ರೆ ಒಂದೇ ಮಟ್ಟದಲ್ಲಿ ಗುಡ್ಡ ಸುತ್ತುತ್ತಿತ್ತು. ಬಲಕ್ಕೇ ತಿರುಗಿದೆವು. ಕತ್ತಲಾಗೋ ಮುಂಚೆ ಟಾರು ರಸ್ತೆ ಸಿಕ್ತು, ಪಕ್ಕದಲ್ಲೇ ಚಾ ಅಂಗಡಿ...

ಹಾಗಂತ ಹಾಳೆಯೇ ದೇವರಲ್ಲ. ಸರ್ವೆ ಆದಮೇಲೆ ಬಂದ ಗೇಟು, ಬೇಲಿ ಅದರಲ್ಲಿರಲ್ಲ. ಮಂಜು ಕವಿದು ಗುಡ್ಡವೇ ಕಾಣದಾಗ ಜಿಪಿಎಸ್ಸೇ ಗತಿ. ನಾನಂತೂ ಎರಡನ್ನೂ ಒಯ್ಯುತ್ತೇನೆ: ಎಲ್ಲಿದ್ದೀನಿ ಅಂತ ಫೋನನ್ನ ಕೇಳ್ತೀನಿ, ಎತ್ತ ಹೋಗಲಿ ಅಂತ ಹಾಳೆಯನ್ನ. ನೀವೇನಂತೀರಿ?