ಕುಲ್ಲೂ ಕಣಿವೆಯಲ್ಲಿ ಮಾಡು ಬದಲಿಸಿದುದು

ಹೋದ ಆಶ್ವಯುಜದಲ್ಲಿ ನಾವು ಹಿಮಾಚಲದ ಕುಲ್ಲೂ ಸೀಮೆಗೆ ಹೊರಟುದು ಅಲ್ಲಿಯ ದಸರೆಯನ್ನು ನೋಡುವುದಕ್ಕಾಗಿ. ಮಿಕ್ಕೆಡೆಗಳಲ್ಲಿ ವಿಜಯದಶಮಿಗೆ ಮುಗಿಯುವ ಹಬ್ಬವು ಅಲ್ಲಿ ಅಂದೇ ಆರಂಭವಾಗಿ ಏಳು ದಿನ ನಡೆಯುವುದು. ಸುತ್ತಣ ಹಳ್ಳಿಗಳ ದೇವತೆಗಳು ಪಲ್ಲಕ್ಕಿಗಳಲ್ಲಿ ಢಾಲ್ಪುರದ ಬಯಲಿಗೆ ಬಿಜಯಂಗೈಯುವುವು. ಹಬ್ಬಕ್ಕೆ ಮುಂಚಿತವಾಗಿಯೇ ಹೋಗಿ, ನಗ್ಗರಿನ ಮೇಲಣ ಒಂದು ಹಳ್ಳಿಯಲ್ಲಿ ಸೇಬಿನ ತೋಟದ ಒಕ್ಕಲೊಬ್ಬರ ಮನೆಯಲ್ಲಿ ಇಳಿದುಕೊಂಡೆವು. ಆದರೆ ದೈವವಶದಿಂದ ನಮಗೆ ದಸರೆ ಕಾಣಲಿಲ್ಲ. ಕಂಡುದು ಆ ಮನೆಯ ಮಾಡನ್ನು ಬದಲಿಸುವ ಪ್ರಯಾಸ.

ನಗ್ಗರು ವಿಪಾಶೆಯ, ಎಂದರೆ ಈಗಿನ ಬಿಯಾಸ್ ನದಿಯ, ಎಡದಂಡೆಯ ಬೆಟ್ಟದಲ್ಲಿದೆ. ಪೂರ್ವದಲ್ಲಿ ಕುಲ್ಲೂ ಅರಸರ ರಾಜಧಾನಿ. ಅಲ್ಲಿಯ ಗೋಡೆಗಳ ರೀತಿಯೇ ಬೇರೆ. ಒಂದು ವರಸೆ ದೇವದಾರುವಿನ ತೊಲೆ, ಅದರ ಮೇಲೊಂದು ವರಸೆ ಕಲ್ಲು, ಮತ್ತೆ ತೊಲೆ, ಗಾರೆಯ ಸೋಂಕಿಲ್ಲ. ಇದಕ್ಕೆ ಕಾಠ್‌ಕುಣಿ ಎನ್ನುವರು. 1905ನೆಯ ಏಪ್ರಿಲಿನ ಕಾಂಗ್ರಾ ಭೂಕಂಪದಲ್ಲಿಯೂ ಈ ರೀತಿಯಲ್ಲಿ ಕಟ್ಟಿದ ನಗ್ಗರಿನ ಅರಮನೆ ಉಳಿದುಕೊಂಡಿತು. ದೇವದಾರುವನ್ನು ಶಿವನು ಮಗನೆಂದು ಭಾವಿಸಿದುದನ್ನು ರಘುವಂಶದ ಎರಡನೆಯ ಸರ್ಗದಲ್ಲಿ ಎಷ್ಟೋ ವರ್ಷ ಹುಡುಗರಿಗೆ ಪಾಠ ಹೇಳಿದ್ದ ನಾವು ಆ ಮರವನ್ನು ಕೈಯಿಂದ ಮುಟ್ಟಿದುದು ಅಲ್ಲಿಯೇ.

ಮಾಡಿಗೆ ಹೊದಿಸಿದ್ದುದು ಸ್ಲೇಟು ಕಲ್ಲು. ಬಾಲ್ಯದಲ್ಲಿ ನಾವು ಬಳಪದಿಂದ ಅಕ್ಷರ ತಿದ್ದಿದ ಜಾತಿಯದೇ; ಇಲ್ಲಿ ದಪ್ಪ ಹಲಗೆಗಳಾಗಿ ಮೀನಿನ ಹುರುಪೆಯಂತೆ ಒಂದರ ಮೇಲೊಂದು ಕುಳಿತಿದ್ದಿತು. ಕಲ್ಲಿಗೆ ಮುಪ್ಪಿಲ್ಲವೆಂದು ನಾವು ಎಣಿಸಿದ್ದುದು ತಪ್ಪು. ಚಳಿಗಾಲದಲ್ಲಿ ಒಳಗಿನ ಒಲೆಯ ಕಾವಿಗೆ ಹಿಮದ ತಳಭಾಗ ಕರಗಿ, ನೀರು ಸೂರಿನ ಅಂಚಿಗೆ ಬಂದು ಮತ್ತೆ ಹೆಪ್ಪುಗಟ್ಟುವುದು. ಆ ಮಂಜುಗಡ್ಡೆಯ ಒಡ್ಡಿನ ಹಿಂದೆ ನಿಂತ ನೀರು ಹಲಗೆಗಳ ಸಂದಿಗೆ ನುಗ್ಗುವುದು. ಬಿರುಕಿನಲ್ಲಿ ಹೆಪ್ಪುಗಟ್ಟಿದರೆ ಕಲ್ಲನ್ನೇ ಸೀಳುವುದು. ಹೀಗೆ ಆ ಮನೆ ಎರಡು ಚಳಿಗಾಲ ಸೋರಿದ್ದಿತು.

ಮಗನು ತಗಡು ಹೊದಿಸಬೇಕೆಂದನು. ಎಪ್ಪತ್ತು ದಾಟಿದ ತಾಯಿ ಕಲ್ಲೇ ಆಗಬೇಕೆಂದಳು. ಮಗನ ಲೆಕ್ಕ ಸುಳ್ಳಲ್ಲ. ಒಂದು ಸೆಂಟಿಮೀಟರು ದಪ್ಪದ ಕಲ್ಲನ್ನು ಎರಡು ಪದರಾಗಿ ಹೊದಿಸಿದರೆ ಚದರ ಮೀಟರಿಗೆ 50 ಕಿಲೋಗ್ರಾಮಿಗೆ ಮೇಲಾಗುವುದು, ತಗಡಾದರೆ ಸುಮಾರು 5. ಅದರ ಮೇಲೆ ಗಟ್ಟಿಯಾಗಿ ಕುಳಿತ ಒಂದಡಿ ಹಿಮ ಇನ್ನೂ 60ರಿಂದ 90 ಕಿಲೋ ಸೇರಿಸುವುದು. ಅಷ್ಟನ್ನು ಹೊರುವ ತೊಲೆಗಳಿಗೆ ಮರ ದುರ್ಲಭ, ಕಲ್ಲು ಹೊದಿಸಬಲ್ಲ ಕೆಲಸಗಾರರೂ ವಿರಳ. “ತಗಡು ಚಳಿಯಲ್ಲಿ ಬೆವರುತ್ತದೆ, ಗಾಳಿಗೆ ಹಾರುತ್ತದೆ, ಮಳೆಗೆ ಅರಚುತ್ತದೆ” ಎಂದು ಮುದುಕಿಯ ವಾದ. ಬೆವರುವುದು ನಿಜ, ಅಡಿಗೆಯ ಹಬೆ ತಣ್ಣನೆಯ ಲೋಹಕ್ಕೆ ತಾಗಿ ಹನಿಯಾಗಿ ಹಾಸಿಗೆಯ ಮೇಲೆ ತೊಟ್ಟಿಕ್ಕುವುದು.

ಕಡೆಗೆ ಮಗನ ಮಾತೇ ನಡೆಯಿತು. ಕಲ್ಲುಗಳನ್ನು ಇಳಿಸಿ ಅಂಗಳದಲ್ಲಿ ಒಟ್ಟಿದರು. ನಾಲ್ಕು ದಿನದ ಕೆಲಸವೆಂದು ತೆರೆದ ಮಾಡಿನೊಳಗೆ ನೆತ್ತಿಯ ತೊಲೆ ಕೊಳೆತು ಮೆತ್ತಗಾಗಿದ್ದುದು ಕಂಡುಬಂದಿತು. ಹೊಸ ತೊಲೆ ಕೆತ್ತುವಷ್ಟರಲ್ಲಿ ವಿಜಯದಶಮಿ ಬಂದಿತು. ಬಡಗಿಯೂ ಮನೆಯ ಮಗನೂ ದೇವರ ಪಲ್ಲಕ್ಕಿ ಹೊರುವವರು. ಆ ಸೇವೆಯನ್ನು ತಪ್ಪಿಸುವಂತಿಲ್ಲ. ತೆರೆದ ಮಾಡಿಗೆ ತಾಡಪಾಲು ಕಟ್ಟಿ ಅವರು ಇಳಿದುಹೋದರು. ಜನಸಂದಣಿ ಕರಗಲೆಂದು ಮೂರನೆಯ ದಿನ ಇಳಿಯುವ ಸಂಕಲ್ಪ ನಮ್ಮದು.

ಎರಡನೆಯ ರಾತ್ರಿಯೇ ಗಾಳಿ ಎದ್ದಿತು. ಮಾಡಿನ ಮೇಲೆ ಗಾಳಿ ವೇಗದಿಂದ ಹಾಯುವಾಗ ಮೇಲ್ಗಡೆಯ ಒತ್ತಡ ಕುಗ್ಗಿ ಹೊದಿಕೆ ಮೇಲಕ್ಕೇಳುವುದು. ಅಂಚಿನಲ್ಲಿ ಈ ಸೆಳೆತ ಅಧಿಕ. ಇದನ್ನು ಪುಸ್ತಕದಲ್ಲಿ ಓದಿದ್ದೆವು. ತಾಡಪಾಲಿನ ಒಂದು ಮೂಲೆ ಕಿತ್ತು ಚಾಟಿಯಂತೆ ಬಡಿಯತೊಡಗಿದಾಗ ಕಣ್ಣಾರೆ ಕಂಡೆವು. ಮಳೆಯೂ ಹಿಮವೂ ಬೆರೆತು ಸುರಿಯಿತು. ಅಟ್ಟದಲ್ಲಿ ವರ್ಷದ ಮೆಕ್ಕೆಜೋಳವಿದ್ದಿತು. “ಮಾಸ್ಟರ್‌ಜೀ, ಕಲ್ಲು ಕೊಡಿ!” ಎಂದು ಮುದುಕಿ ಕೂಗಿದಳು. ಸೊಸೆ ಏಣಿ ಹತ್ತಿದಳು; ನಾವೂ ಹತ್ತು ವರ್ಷದ ಮೊಮ್ಮಗನೂ ಅಂಗಳದ ಸ್ಲೇಟುಗಳನ್ನು ಒಂದೊಂದಾಗಿ ಮೇಲಕ್ಕೆ ನೀಡಿದೆವು. ತಾಡಪಾಲಿನ ಅಂಚಿನುದ್ದಕ್ಕೂ ಅವನ್ನು ಹೇರಿದ ಮೇಲೆ ಅದು ಅಲುಗಾಡಲಿಲ್ಲ. ಅಷ್ಟರಲ್ಲಿ ಅರ್ಧ ಜೋಳ ನೆನೆದಿದ್ದಿತು; ನಮ್ಮ ಅಂಗೈಯೂ ಸೀಳಿ, ದಸರೆಯ ಯಾತ್ರೆ ಅಲ್ಲಿಗೇ ನಿಂತಿತು.

ಮರುದಿನ ಮಧ್ಯಾಹ್ನ ಮಗನು ತನ್ನ ಪಾಳಿಯನ್ನು ದಾಯಾದಿಗೊಪ್ಪಿಸಿ ಓಡುತ್ತ ಬಂದನು. ಮೇಲಣ ಗುಡ್ಡಗಳು ಬೆಳ್ಳಗಾಗಿದ್ದುವು. ಅವನು ಮಾಡನ್ನೂ ಜೋಳವನ್ನೂ ನೋಡಿ, “ಅಮ್ಮಾ, ಕಲ್ಲನ್ನೇ ಹೊದಿಸೋಣ” ಎಂದನು. ತಾಯಿ ತಲೆಯಲ್ಲಾಡಿಸಿದಳು. “ಬೇಡ ಮಗೂ. ಉಳಿದ ತೊಲೆಗಳಿಗೂ ನನ್ನಷ್ಟೇ ವಯಸ್ಸಾಗಿದೆ, ಇನ್ನು ಅವು ಕಲ್ಲು ಹೊರಲಾರವು.”

ಹಬ್ಬ ಮುಗಿದು ಬಡಗಿ ಬಂದ ಮೇಲೆ ತಗಡನ್ನೇ ಹೊದಿಸಿದರು. ಅದರ ಕೆಳಗೆ ಹಳೆಯ ಹಲಗೆಗಳ ಒಳಮಾಡು. ಸೂರಿನಲ್ಲಿಯೂ ನೆತ್ತಿಯಲ್ಲಿಯೂ ತಿರುಪುಗಳನ್ನು ಎರಡರಷ್ಟು ಒತ್ತಾಗಿ ಹಾಕಿಸಿದನು ಮಗ. ಹಳೆಯ ಕಲ್ಲುಗಳನ್ನು ಕೊಳ್ಳಲು ಬಂದ ವ್ಯಾಪಾರಿಯನ್ನು ಮುದುಕಿ ಬರಿಗೈಯಲ್ಲಿ ಕಳುಹಿಸಿದಳು. ನಾವು ಹೊರಡುವ ಬೆಳಗ್ಗೆ ಮೊಮ್ಮಗನು ಕೊಟ್ಟಿಗೆಯ ಗೋಡೆಗೆ ಒರಗಿಸಿದ ಅವುಗಳನ್ನು ಎಣಿಸಿ, ಮೇಲಣ ಕಲ್ಲಿನ ಮೇಲೆ ಸುಣ್ಣದ ಚೂರಿನಿಂದ 640 ಎಂದು ಬರೆದಿದ್ದನು. ನಮ್ಮ ಎಣಿಕೆಯಲ್ಲಿ ಎರಡು ಕಡಿಮೆ ಬಂದಿತು, ತಿದ್ದಲಿಲ್ಲ.